ಎರಿ ಹೊಲದಾಗಿನ ಕೃಷಿ ಹೊಂಡ ಮತ್ತ ಸ್ಪ್ರಿಂಕ್ಲರ್ ಸೆಟ್: ಮೂರು ವರ್ಷ ಬಳಸಿದ ಮ್ಯಾಲೆ ನನ್ನ ರಿವ್ಯೂ

ಹೊಲದಾಗ ಮಳಿ ನೀರು ಹಿಡದಿಡೂ ಕೃಷಿ ಹೊಂಡ ತಗಸಬೇಕೋ ಬ್ಯಾಡೋ ಅಂತ ವಾರಕ್ಕ ಒಬ್ರರ ನನಗ ಫೋನ್ ಮಾಡತಾರ. ಬ್ಯಾಸಗ್ಯಾಗಂತೂ ಇನ್ನೂ ಹೆಚ್ಚು, ಯಾಕಂದ್ರ ಜೆಸಿಬಿ ಹೊಲಕ್ಕ ಇಳಿಯೂದು ಆವಾಗ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಹೇಳೂದಕ್ಕಿಂತ ಒಂದ ಕಡೆ ಬರದಿಟ್ರ ಆತು ಅಂತ ಕುಂತೇನಿ. ಉದ್ದ ಆಗತೈತಿ, ಆದ್ರ ಹೊಂಡಕ್ಕ ರೊಕ್ಕ ಹಾಕವ್ರು ಪೂರ್ತಿ ಓದ್ರಿ.

ನಮ್ದು ರೋಣದ ಕಡೆ ಐದು ಎಕರೆ ಎರಿ ಭೂಮಿ, ಅಂದ್ರ ಕಪ್ಪು ಮಣ್ಣು. ಬೋರ್ ಇಲ್ಲ, ಕಾಲವಿ ಇಲ್ಲ, ಮಳಿ ಬಂದ್ರ ಬೆಳಿ. ಗದಗ ಜಿಲ್ಲಾದಾಗ ವರ್ಷಕ್ಕ ಬೀಳೂದ 600 ಮಿ.ಮೀ. ಆಸುಪಾಸು, ಅದೂ ಲೆಕ್ಕದ ಪ್ರಕಾರ ಬಿದ್ರ. ನಮ್ಮ ಸಮಸ್ಯಾ ಏನಂದ್ರ ಮಳಿ ಒಟ್ಟು ಎಷ್ಟು ಬಂತು ಅನ್ನೂದಲ್ರಿ, ಎರಡು ಮಳಿ ನಡುವ ಎಷ್ಟು ದಿನ ಹೋತು ಅನ್ನೂದು. ಮೂರು ದಿನ್ದಾಗ ಹೊಲದಾಗಿನ ಒಡ್ಡು ಹರಕೊಂಡು ಹೋಗುವಂಗ ಹೊಡದು, ಆಮ್ಯಾಲೆ ಮೂವತ್ತು ದಿನ ಮಾಡಾನ ಕಾಣಂಗಿಲ್ಲ. ಹರದು ಹೋದ ಆ ನೀರು ಹಳ್ಳ ಸೇರಿ ಮಲಪ್ರಭಾಕ್ಕ ಹೋಗತಿತ್ತು, ನಾವು ದಂಡಿ ಮ್ಯಾಲೆ ನಿಂತು ನೋಡತಿದ್ವಿ.

2022ರ ಏಪ್ರಿಲ್‌ದಾಗ ಹೊಂಡ ತಗಸಿದ್ವಿ. ಹೊಂಡಕ್ಕ ಸಬ್ಸಿಡಿ ಕೊಡೂ ಸರ್ಕಾರದ ಕೃಷಿ ಭಾಗ್ಯ ಯೋಜನಾ 2014-15ರಾಗ ಶುರು ಆಗಿತ್ತಲ್ರಿ, ನಾವು ತಗಸೂ ಹೊತ್ತಿಗೆ ಅದು ನಿಂತಿತ್ತು, ಹಿಂಗಾಗಿ ಕೈಯಾನ ರೊಕ್ಕನ ಹಾಕಿದ್ವಿ. 2023-24ರಿಂದ ಯೋಜನಾ ತಿರುಗಿ ಬಂದೈತಿ, ಸಾಮಾನ್ಯ ವರ್ಗದವ್ರಿಗೆ 80%, ಎಸ್ಸಿ ಎಸ್ಟಿಯವ್ರಿಗೆ 90% ಸಬ್ಸಿಡಿ. ಈಗ ತಗಸವ್ರು ಮೊದಲ ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಕೇಳ್ರಿ, ಉದ್ಯೋಗ ಖಾತ್ರ್ಯಾಗೂ ಹೊಂಡ ಸಿಗತೈತೇನು ಕೇಳ್ರಿ, ನನ್ನಂಗ ಪೂರ್ತಿ ಕೈಯಾನ ರೊಕ್ಕ ಹಾಕಬ್ಯಾಡ್ರಿ. ನನಗ ಜೆಸಿಬಿ ಮೂವತ್ತೊಂದು ತಾಸು ಹಿಡೀತು, ತಾಸಿಗೆ ₹1,000ದಂಗ ₹31,000, ತಗದ ಮಣ್ಣು ಹರವಾಕ ಟ್ರ್ಯಾಕ್ಟರ್‌ಗೆ ₹9,000. ಸೈಜು 21 ಮೀಟರ್ ಉದ್ದ, 21 ಅಗಲ, 3 ಮೀಟರ್ ಆಳ. ದಂಡಿ, ಅಡ್ಡಾಡೂ ದಾರಿ ಎಲ್ಲಾ ಹಿಡದು ಆರು ಗುಂಟೆ ಭೂಮಿ ಹೋತು. ನಮ್ಮವ್ವ ಒಂದು ವಾರ ಮಾತು ಬಿಟ್ಟಿದ್ಲು, "ಆರು ಗುಂಟೇದಾಗ ಮನಿಗೆ ಆಗೂವಷ್ಟು ಜ್ವಾಳ ಬೆಳೀತಿದ್ದೆ" ಅಂತ. ಆಕಿ ಮಾತಿನಾಗ ತಪ್ಪಿಲ್ಲ, ಐದು ಎಕರೆ ಇದ್ದವ್ರಿಗೆ ಆರು ಗುಂಟೆ ದೊಡ್ಡದ.

ಇಲ್ಲೆ ನಮಗ ಆದ ಮೊದಲನೇ ಪೆಟ್ಟು ಹೇಳತೇನಿ. ಜೆಸಿಬಿ ಹೊಡಿಯಾಂವ ಲಗೂನ ಮುಗಸಬೇಕಂತ ಗ್ವಾಡಿ ಕಟ್ಟಿದಂಗ ನೆಟ್ಟಗ ತಗದಿದ್ದ. ಇಳಿಜಾರು ಬಿಡೋ ಅಂದ್ರ "ನೂರು ಹೊಂಡ ತಗದೇನ್ರಿ" ಅಂದ. ನನಗೂ ಅನುಭವ ಇರಲಿಲ್ಲ, ಸುಮ್ನಾದೆ. ಮಿರಗದಾಗ (ಮೃಗಶಿರ ಮಳಿಯೊಳಗ) ಮೊದಲನೇ ದೊಡ್ಡ ಮಳಿ ಆದ ರಾತ್ರಿ ಪಡವಣ ದಂಡಿ ಆರು ಮಾರು ಉದ್ದಕ ಕುಸದು ಹೊಂಡದಾಗ ಕುಂತಿತ್ತು. ಎರಿ ಮಣ್ಣು ಒಣಗಿದಾಗ ಕಲ್ಲಿನಂಗ ನಿಲ್ಲತೈತಿ, ನೀರು ಕುಡದು ಉಬ್ಬಿದ ಮ್ಯಾಲೆ ಬೆಣ್ಣಿಯಂಗ ಜಾರತೈತಿ, ನೆಟ್ಟಗಿನ ದಂಡಿ ಅದಕ್ಕ ಆಗಿ ಬರೂದಿಲ್ಲ. ಒಂದು ಮೀಟರ್ ಆಳಕ್ಕ ಕಡಿಮಿ ಅಂದ್ರೂ ಒಂದು ಮೀಟರ್ ಇಳಿಜಾರು ಬೇಕ ಬೇಕು. ಮುಂದಿನ ಬ್ಯಾಸಗ್ಯಾಗ ಮತ್ತೊಬ್ಬರನ್ನ ಕರಸಿ ಒಂಬತ್ತು ತಾಸು ಹೊಡಸಿ ಸರಿ ಮಾಡಿದ್ವಿ. ಹಿಂಗಾಗಿ ನೀವು ತಗಸಾಕ ಹತ್ತಿದಾಗ ಹೊಂಡದ ದಂಡ್ಯಾಗ ನಿಂದರ್ರಿ, ಮನಿಗೆ ಊಟಕ್ಕೂ ಹೋಗಬ್ಯಾಡ್ರಿ, ಹಗ್ಗ ಹಿಡದು ಅಳತಿ ಮಾಡ್ರಿ. ಮ್ಯಾಲೆ 21 ಮೀಟರ್ ಇದ್ರ ತಳದಾಗ 15 ಮೀಟರ್ ಬರಬೇಕು.

ಈ ಅಳತಿಗೆ ಹೊಂಡ ತುಂಬಿದ್ರ ಒಂಬತ್ತು ಲಕ್ಷ ಎಂಬತ್ತು ಸಾವಿರ ಲೀಟರ್ ನೀರು. ಕೇಳಾಕ ಭಾಳ ಅನಸತೈತಿ. ಒಂದು ಎಕರೆಕ್ಕ ಒಂದು ಇಂಚು ನೀರು ಅಂದ್ರನ ಒಂದು ಲಕ್ಷ ಲೀಟರ್ ಮ್ಯಾಲೆ ಹೋಗತೈತಿ. ಅಂದ್ರ ಹೊಂಡ ಪೂರ್ತಿ ಇದ್ರೂ ಐದು ಎಕರೆ ಹೊಲಕ್ಕ ಎರಡು ಇಂಚು ಸಿಗೂದಿಲ್ಲ, ಬಿಸಲಿಗೆ ಹಾರೂದು ಬ್ಯಾರೆ. ಹೊಂಡ ತಗಸಿದ ಕೂಡ್ಲೆ ನೀರಾವರಿ ಆತು, ಕಬ್ಬು ಹಚ್ಚೂನು ಅನ್ನವ್ರನ್ನ ನೋಡೇನಿ, ಹಂಗ ಆಗೂದಿಲ್ರಿ. ಮಳಿ ಕೈ ಕೊಟ್ಟಾಗ ಬೆಳಿಗೆ ಒಂದು ಗುಟುಕು ಕುಡಿಸಿ ಇನ್ನೊಂದು ಹದಿನೈದಿಪ್ಪತ್ತು ದಿನ ಎಳಕೊಂಡು ಹೋಗೂದು, ಹೊಂಡದ ಕೆಲಸ ಅಷ್ಟ. ನಮ್ಮ ಕಡೆ ಆ ಹದಿನೈದು ದಿನದಾಗ ಬೆಳಿ ಹೋಗೂದು ಉಳಿಯೂದು ತೀರ್ಮಾನ ಆಗತೈತಿ, ಅದಕ್ಕ ನಾನು ಇದನ್ನ ತಗಸಿದ್ದು.

ನೀರು ಅಳಿಯಾಕ ನಾವು ಒಂದು ಬಿದಿರು ಗಳಾ ನೆಟ್ಟೇವಿ, ಫೂಟಿಗೊಂದು ಕೆಂಪು ಬಣ್ಣದ ಪಟ್ಟಿ. ಇದರಾಗ ಒಂದು ಮಾತು ಎಷ್ಟೋ ಮಂದಿಗೆ ಗೊತ್ತಿಲ್ಲ: ಹೊಂಡ ಕೆಳಗ ಸಣ್ಣದು, ಮ್ಯಾಲೆ ಅಗಲ, ಹಿಂಗಾಗಿ ಮ್ಯಾಲಿನ ಒಂದು ಫೂಟಿನಾಗ 1.3 ಲಕ್ಷ ಲೀಟರ್ ಇದ್ರ ತಳದ ಫೂಟಿನಾಗ 70 ಸಾವಿರ ಅಷ್ಟ. ಅರ್ಧ ಗಳಾ ಕಾಣತೈತಿ ಅಂದ್ರ ಅರ್ಧ ನೀರು ಉಳದೈತಿ ಅಂತ ತಿಳ್ಕೊಂಡ್ರಿ ಅಂದ್ರ ಕೊನಿ ನೀರಿಗೆ ಮೋಸ ಹೋಗತೀರಿ. ನಾನು ಗ್ವಾಡಿ ಮ್ಯಾಲೆ ಒಂದು ಕ್ಯಾಲೆಂಡರ್ ತೂಗ ಹಾಕೇನಿ, ವಾರಕ್ಕೊಮ್ಮೆ ಗಳಾ ನೋಡಿ ಅದರಾಗ ಬರೀತೇನಿ.

ಮೊದಲನೇ ವರ್ಷ, 2022, ಮಳಿ ಜೋರಿತ್ತು, ಹೊಂಡ ತುಂಬಿ ಕೋಡಿ ಬಿತ್ತು, ನೀರಿನ ಜರೂರ ಬೀಳಲಿಲ್ಲ. ನೀರಿನ ಕೂಡ ಹೂಳು ಮಾತ್ರ ಬಂತು, ಬ್ಯಾಸಗ್ಯಾಗ ನೋಡಿದ್ರ ತಳದಾಗ ಒಂದು ಮೊಳದ ಹತ್ರ ಕೂತಿತ್ತು. ನೀರು ಒಳಗ ಬರೂ ಬಾಯಿಗೆ ಹೂಳು ಗುಂಡಿ ಮಾಡಿರಲಿಲ್ಲ, ಅದು ನಮ್ಮದ ತಪ್ಪು. ಈಗ ಎರಡು ಮೀಟರ್ ಉದ್ದ ಎರಡು ಮೀಟರ್ ಅಗಲದ್ದೊಂದು ಗುಂಡಿ ಹೊಂಡದ ಮುಂದ ತಗದೇವಿ, ನೀರು ಅದರಾಗ ನಿಂತು, ಮಣ್ಣು ಕೆಳಗ ಬಿಟ್ಟು, ಕಲ್ಲು ಹಾಸಿದ ದಾರಿ ಮ್ಯಾಲೆ ಹೊಂಡಕ್ಕ ಇಳೀತೈತಿ. ದೊಡ್ಡ ಮಳಿ ಆದ ಮ್ಯಾಲೆ ಗುಂಡ್ಯಾಗಿನ ಮಣ್ಣು ಎರಡು ತಾಸಿನಾಗ ಸಲಿಕಿಲೆ ಎಳದು ಹೊಲಕ್ಕ ಹಾಕಬಹುದು, ಹೊಂಡದಾಗಿನ ಹೂಳು ತಗಿಯಾಕ ಜೆಸಿಬಿನ ಬೇಕು.

ಖರೇ ಪರೀಕ್ಷಾ ಆದದ್ದು 2023ರಾಗ. ಆ ವರ್ಷ ಯಾರೂ ಮರಿಯಂಗಿಲ್ಲ. ರೋಹಿಣಿ ಹೋತು, ಮಿರಗ ಹೋತು, ಹೆಸರು ಬಿತ್ತೂ ಟೈಮು ಮುಗದ ಹೋತು, ಬೀಜ ಮನ್ಯಾಗ ಉಳೀತು. ಜುಲೈ ಕೊನಿ ವಾರದಾಗ ಒಮ್ಮೆಲೆ ಹೊಡೀತು, ಎಲ್ಲಾರೂ ಓಡ್ಯಾಡಿ ಬಿತ್ತಿದ್ರು, ಆಗಸ್ಟ್ ಹಿಡೀತ ನೋಡ್ರಿ, ಒಂದು ಹನಿ ಇಲ್ಲ. ಇಡೀ ದೇಶಕ್ಕ ನೂರು ವರ್ಷದ ಮ್ಯಾಲೆ ಅಂಥಾ ಒಣ ಆಗಸ್ಟ್ ಆಗಿರಲಿಲ್ಲ. ಸೆಪ್ಟೆಂಬರ್‌ದಾಗ ಸರ್ಕಾರ 195 ತಾಲೂಕು ಬರಪೀಡಿತ ಅಂತ ಘೋಷಣಾ ಮಾಡಿತು, ಆಮ್ಯಾಲೆ ಹೆಚ್ಗಿ ಆಗ್ತಾ ಆಗ್ತಾ 236ರಾಗ 223 ತಾಲೂಕು ಆದ್ವು.

ನಾವು ಆವಾಗ ಎರಡೂವರೆ ಎಕರೆದಾಗ ಮೆಣಸಿನಗಿಡ, ನಡುವ ಉಳ್ಳಾಗಡ್ಡಿ, ಹತ್ತಿ, ನಮ್ಮ ಕಡೆ ಹಳೇ ಪದ್ಧತಿ ಹೆಂಗೈತಿ ಹಂಗ ಹಾಕಿದ್ವಿ. ಜುಲೈ ಮಳಿಗೆ ಗಳದ ಮ್ಯಾಲೆ ಎಂಟನೇ ಪಟ್ಟಿ ತನಕ ನೀರು ಬಂದಿತ್ತು. ಆಗಸ್ಟ್ ಇಪ್ಪತ್ತರ ಸುಮಾರಿಗೆ ಮುಂಜಾನಿ ಹೊಲಕ್ಕ ಹೋದ್ರ ಮೆಣಸಿನ ಸಸಿ ಎಲಿ ಬಿಗದು ದೋಣಿಯಂಗ ಮಡಚಿದ್ವು. ಮಧ್ಯಾಹ್ನ ಬಾಡಿ ಸಂಜಿಗೆ ಎದ್ದು ನಿಲ್ಲತಾವಲ್ಲ, ಅದು ಮಾಮೂಲಿ. ಮುಂಜಾನಿನೂ ಬಾಡಿರತಾವು ಅಂದ್ರ ಬೇರಿಗೆ ಏನೂ ಸಿಗವಲ್ದು ಅಂತ ಅರ್ಥ. ಸಾಲಿನ ನಡುವ ನೆಲ ಬಿರದು ಕೈ ಮಣಿಕಟ್ಟಿನ ತನಕ ಇಳೀತಿತ್ತು. ಅವತ್ತು ಸಂಜಿಗೇನ ನೀರೆತ್ತೂ ಡೀಸೆಲ್ ಇಂಜಿನ್ ಇಳಿಸಿದ್ವಿ.

ಸ್ಪ್ರಿಂಕ್ಲರ್ ಸೆಟ್ ಇಲಾಖಿಯಿಂದ 90% ಸಬ್ಸಿಡ್ಯಾಗ ಬಂದದ್ದು, ಮೂವತ್ತು ಪೈಪು, ಐದು ನೋಜಲ್ಲು, ನಾವು ಕಟ್ಟಿದ್ದು ನಾಕು ಸಾವಿರದ ಮ್ಯಾಲೆ ಚಿಲ್ರ. ಐದೂ ನೋಜಲ್ಲು ಒಮ್ಮೆ ಹಚ್ಚಿದ್ರ ಎರಡು ತಾಸಿನಾಗ ಒಂದು ಇಂಚು ನೀರು ಬೀಳತೈತಿ, ಆಮ್ಯಾಲೆ ಪೈಪು ಬಿಚ್ಚಿ ಮುಂದಿನ ಪಟ್ಟಿಗೆ ಹೊತ್ತು ಹಾಕಬೇಕು. ಒಂದು ಎಕರೆ ಮುಗೀಲಿಕ್ಕೆ ಹನ್ನೆರಡು ತಾಸು. ಎರಡೂವರೆ ಎಕರೆಕ್ಕ ಮೂವತ್ತು ತಾಸು, ಮೂವತ್ತು ಲೀಟರ್ ಡೀಸೆಲ್, ಆವಾಗಿನ ₹88ರ ಲೆಕ್ಕಕ್ಕ ₹2,640. ಮುಂದ ಸೆಪ್ಟೆಂಬರ್‌ದಾಗ ಇನ್ನೊಂದು ಸಲ ಕೊಟ್ವಿ. ಎರಡೂ ಸಲದ ಡೀಸೆಲ್ ಖರ್ಚು ₹5,300ದೊಳಗ ಮುಗೀತು.

ಕೆಲಸ ಮಾತ್ರ ಹಗುರಿಲ್ಲ. ನಮ್ಮ ಗದಗದ ಗಾಳಿ ನಿಮಗ ಗೊತ್ತಲ್ಲ, ಕಪ್ಪತಗುಡ್ಡದ ಮ್ಯಾಲೆ ಗಾಳಿಲೆ ಕರೆಂಟ್ ತಗಿಯೂ ಫ್ಯಾನ್ ಸುಮ್ಮನ ನಿಲ್ಲಿಸಿಲ್ಲ. ಆಗಸ್ಟ್ ಗಾಳ್ಯಾಗ ಹಗಲಿ ಸ್ಪ್ರಿಂಕ್ಲರ್ ಹಚ್ಚಿದ್ರ ಅರ್ಧ ನೀರು ಬಾಜೂಕಿನವ್ರ ಹೊಲಕ್ಕ ಹೋಗತೈತಿ, ಉಳದ ಅರ್ಧದಾಗ ಬಿಸಲು ಪಾಲು ತಗೋತೈತಿ. ಹಿಂಗಾಗಿ ರಾತ್ರಿ ಒಂಬತ್ತಕ್ಕ ಶುರು ಮಾಡಿ ಮುಂಜಾನಿ ಏಳರ ತನಕ ಹೊಡಿತಿದ್ವಿ, ನಾನು, ನನ್ನ ತಮ್ಮ, ತಲಿಗೆ ಬ್ಯಾಟರಿ ಕಟಗೊಂಡು. ರಾಡಿಯೊಳಗ ಕಾಲಿಟ್ಟು ಇಪ್ಪತ್ತು ಫೂಟಿನ ಪೈಪು ಹೆಗಲ ಮ್ಯಾಲೆ ಹೊತ್ತು ಸಸಿ ತುಳೀಲಾರದಂಗ ನಡಿಯೂದು, ಬೆನ್ನು ಹೋಗತೈತ್ರಿ. ಇಬ್ಬರು ಇಲ್ಲದ ಮನ್ಯಾಗ ಈ ಸೆಟ್ ನಡಸೂದು ಕಷ್ಟ ಐತಿ, ಇದನ್ನ ಯಾರೂ ಮೊದಲ ಹೇಳೂದಿಲ್ಲ.

ಸೆಟ್‌ದಾಗ ಪೈಪು ಚಲೋ ಅದಾವು, ಮೂರು ವರ್ಷದಾಗ ಒಂದೂ ಸೀಳಿಲ್ಲ, ಬಿಸಲಿನಾಗ ಬಿಡದ ದನದ ಕೊಟ್ಟಿಗ್ಯಾಗ ಇಡತೇವಿ. ಕಿರಿಕಿರಿ ಇರೂದು ರಬ್ಬರ್ ರಿಂಗಿಂದು. ಮೂವತ್ತರಾಗ ಏಳು ರಿಂಗು ಮೊದಲನೇ ದಿನಾನ ಲೀಕು. ತಗೊಂಡ ಡೀಲರ್ ಹತ್ರ ಹೋದ್ರ ಕಂಪನಿಗೆ ಹೇಳ್ರಿ ಅಂದ, ಕಂಪನಿಗೆ ಫೋನ್ ಹಚ್ಚಿದ್ರ ಡೀಲರ್‌ಗೆ ಹೇಳ್ರಿ ಅಂದ್ರು, ಕಡೀಕ ಗದಗದ ಸಂತಿ ದಿನ ನಾನ ರೊಕ್ಕ ಕೊಟ್ಟು ಒಂದು ಡಜನ್ ತಂದೆ. ಸೆಟ್ ತಗೊಳ್ಳೂ ದಿನಾನ ಅವರ ಮುಂದ ನೀರು ಹಾಯಿಸಿ ನೋಡಿ ಸಹಿ ಮಾಡ್ರಿ, ಫೋಟೋಕ್ಕ ನಿಂತು ಸಹಿ ಮಾಡಿ ಬರಬ್ಯಾಡ್ರಿ.

ನೋಜಲ್ಲಿನ್ಯಾಗ ಕೆಸರು ಕಟ್ಟೂದು ಇನ್ನೊಂದು ತಲಿನೋವು. ಎರಿ ನೀರು ತಿಳಿ ಆಗೂದ ಇಲ್ಲ, ಯಾವಾಗ ನೋಡಿದ್ರೂ ಚಹಾದ ಬಣ್ಣ. ನೀರು ಎಳಿಯೂ ಪೈಪಿನ ತುದಿಗಿರೂ ಫುಟ್‌ವಾಲ್ವ್ ತಳಕ್ಕ ಬಿಟ್ರ ಕೆಸರ ಎಳೀತೈತಿ. ಐದು ಲೀಟರ್ ಎಣ್ಣಿ ಕ್ಯಾನಿಗೆ ಫುಟ್‌ವಾಲ್ವ್ ಕಟ್ಟಿ ತೇಲಿ ಬಿಟ್ಟೇವಿ, ಮ್ಯಾಲಿಂದ ಒಂದೂವರೆ ಫೂಟು ಕೆಳಗ ಇರೂವಂಗ, ಸುತ್ತ ಹಳೇ ಸೊಳ್ಳಿ ಪರದಿ ಸುತ್ತೇವಿ. ನೀರು ಇಳದಂಗ ಕ್ಯಾನೂ ಇಳೀತೈತಿ. ಇದು ನನ್ನ ತಮ್ಮನ ತಲಿ, ಇದನ್ನ ಮಾಡಿದ ಮ್ಯಾಲೆ ರಾತ್ರಿ ನೋಜಲ್ಲು ಬಿಚ್ಚಿ ಊದೂ ಕೆಲಸ ಹತ್ತು ಸಲ ಇದ್ದದ್ದು ಒಂದು ಸಲಕ್ಕ ಬಂತು.

ಫಲ ಏನು ಅಂತ ಕೇಳತೀರಿ. ಬಾಜೂಕ ಹೊಂಡ ಇಲ್ಲದ ಹೊಲದಾಗ ಮೆಣಸಿನಗಿಡ ಹೋದ್ವು, ಅಕ್ಟೋಬರ್‌ಕ್ಕ ಹರಗಿ ಜ್ವಾಳ ಬಿತ್ತಿದ್ರು. ನಮ್ಮೂವು ಉಳದ್ವು. ಭಾರಿ ಬೆಳಿ ಅಂತಲ್ಲ, ಎರಡೂವರೆ ಎಕರೆದಾಗ ಒಣ ಮೆಣಸಿನಕಾಯಿ ಎಂಟು ಕ್ವಿಂಟಲ್ ಮ್ಯಾಲೆ ಸ್ವಲ್ಪ, ಉಳ್ಳಾಗಡ್ಡಿ ಸಣ್ಣ ಗಾತ್ರದ್ದು, ಹತ್ತಿ ಎರಡು ಬಿಡಿಸಿಗೆ ಬಂತು. ಆ ವರ್ಷ ಮನಿ ನಡದದ್ದು ಅದರ ಮ್ಯಾಲ. ನಮ್ಮವ್ವ ಆರು ಗುಂಟೇದ ಮಾತು ತಗಿಯೂದು ಬಿಟ್ಲು. ಮೆಣಸಿನಕಾಯಿ ದರ ಆಮ್ಯಾಲೆ ಹೆಂಗ ಬಿತ್ತು, 2024ರ ಮಾರ್ಚ್‌ದಾಗ ಬ್ಯಾಡಗಿ ಮಾರ್ಕೆಟ್‌ದಾಗ ರೈತರು ಎಷ್ಟು ಸಿಟ್ಟಿಗೆದ್ರು ಅದು ಎಲ್ಲಾರಿಗೂ ಗೊತ್ತು. ಬರಗಾಲದಾಗ ಉಳಿಸಿಕೊಂಡ ಬೆಳಿಗೂ ದರ ಇಲ್ಲಂದ್ರ ಕರಳು ಚುರ್ ಅಂತೈತ್ರಿ, ಹೊಂಡದಿಂದ ಅದಕ್ಕ ಔಷಧಿ ಇಲ್ಲ.

ಅದ ವರ್ಷ ಹಿಂಗಾರಿಗೆ ಹೊಂಡ ಕೈ ಕೊಟ್ಟದ್ದೂ ಹೇಳಬೇಕು. ಗಳದ ಮ್ಯಾಲೆ ಎರಡು ಪಟ್ಟಿ ನೀರು ಉಳದಿತ್ತು, ಹಸ್ತ ಚಿತ್ತಿ ಎರಡೂ ಮಳಿ ಬರೇ ಮಾಡ ತೋರಿಸಿ ಹೋದ್ವು, ಕಡ್ಲಿ ಒಂದು ಎಕರೆಕ್ಕ ಅಷ್ಟ ನೀರು ಮುಟ್ಟಿತು, ಉಳದ ಕಡ್ಲಿ ಗೇಣುದ್ದ ಬೆಳದು ನಿಂತಿತು. ತುಂಬಾಕ ಮಳಿ ಬೇಕಲ್ರಿ. ಒಂದು ಒಳ್ಳೇ 40 ಮಿ.ಮೀ. ಮಳಿ ನಮ್ಮ ಐದು ಎಕರೆ ಮ್ಯಾಲೆ ಬಿದ್ರ ಒಟ್ಟು ಎಂಟು ಲಕ್ಷ ಲೀಟರ್, ಅದರಾಗ ಐದನೇ ಒಂದು ಪಾಲು ಹರದು ಹೊಂಡಕ್ಕ ಬಂದ್ರ ಒಂದು ಲಕ್ಷ ಅರವತ್ತು ಸಾವಿರ. ಅಂದ್ರ ಅಂಥಾವು ಆರು ಮಳಿ ಆಗಬೇಕು. ಕೊನಿ ನೀರೆಲ್ಲಾ ಕಡ್ಲಿಗೆ ಬಳಸಿ ಜನವರಿಗೆ ಹೊಂಡ ಪೂರ್ತಿ ಒಣಗಿಸಿಬಿಟ್ವಿ, ಅದು ಇನ್ನೊಂದು ತಪ್ಪು. ತಳ ಬಿರದು ಕೋಳಿಮರಿ ಹೋಗೂವಷ್ಟು ಸೀಳು ಬಿಟ್ಟಿತ್ತು, 2024ರ ಮುಂಗಾರ್ಯಾಗ ಬಂದ ಮೊದಲನೇ ನೀರು ಆ ಸೀಳು ಕುಡದ ಮುಗಸಿತು. ಎರಿ ಹೊಂಡದಾಗ ಒಂದು ಫೂಟು ನೀರು ಬಿಡಾಕ ಆದ್ರ ಬಿಡ್ರಿ, ತಳ ಹಸಿ ಇದ್ರ ಜಿನಗೂದು ಭಾಳ ಕಡಿಮಿ, ಪ್ಲಾಸ್ಟಿಕ್ ಹಾಳಿ ಬೇಕಾಗೂದಿಲ್ಲ.

ಮಸಾರಿ ಭೂಮಿಗೆ ಈ ಮಾತು ಹೊಂದೂದಿಲ್ಲ. ನಮ್ಮ ಅಕ್ಕನ ಮನಿ ಶಿರಹಟ್ಟಿ ಕಡೆ, ಕೆಂಪು ಮಣ್ಣು, ಅಲ್ಲೆ ಹಾಳಿ ಹಾಸದ ನೀರು ವಾರ ನಿಲ್ಲಂಗಿಲ್ಲ. ಅವ್ರದು 500 ಮೈಕ್ರಾನ್ ಹಾಳಿ, ಎರಡನೇ ವರ್ಷ ನೀರು ಕುಡಿಯಾಕ ಇಳದ ನಾಯಿ ಉಗುರು ಹಚ್ಚಿ ಹರದಾವು, ತ್ಯಾಪಿ ಹಚ್ಚಿ ನಡಸ್ಯಾರ. ಮಸಾರಿಯವ್ರು ಬೇಲಿ ಮೊದಲ ಹಾಕ್ರಿ, ಹಾಳಿ ಆಮ್ಯಾಲೆ ಹಾಸ್ರಿ.

2024ರಾಗ ಹೊಂಡ ಅಕ್ಟೋಬರ್‌ಕ್ಕ ತುಂಬಿತು. ಮೂರು ಎಕರೆ ಕಡ್ಲಿ, ಜೆಜಿ-11 ತಳಿ. ಮೂವತ್ತೈದನೇ ದಿನಕ್ಕ, ಟೊಂಗಿ ಒಡಿಯೂ ಹೊತ್ತಿಗೆ, ಮೂರೂ ಎಕರೆಕ್ಕ ಒಂದೊಂದು ಇಂಚು ಕೊಟ್ವಿ. ನೀರು ಉಳದಿತ್ತಂತ ಕಾಯಿ ಕಟ್ಟೂ ಮುಂದ ಒಂದು ಎಕರೆಕ್ಕ ಇನ್ನೊಂದು ಸಲ ಕೊಟ್ಟು ನೋಡಿದೆ, ಅದು ಹೆಚ್ಚಾತು. ಬಾಜೂಕಿನ ಕಡ್ಲಿ ಹಳದಿಗೆ ತಿರಗಿ ಒಣಗಾಕ ಹತ್ತಿದ್ರ ಆ ಎಕರೆ ಹಚ್ಚಗ ಸೊಪ್ಪು ಬೆಳಸಕೋತ ನಿಂತಿತು, ಕೀಡಿ ಎಲ್ಲಾ ಅಲ್ಲೇ ಬಂದು ಕುಂತ್ವು, ಎರಡು ಸಲ ಹೆಚ್ಗಿ ಔಷಧಿ ಹೊಡೀಬೇಕಾತು. ಒಂದ ನೀರು ಕುಡದ ಎರಡು ಎಕರೆ ಎಕರೆಕ್ಕ ಆರು ಕ್ವಿಂಟಲ್ ಬಂತು, ಎರಡು ಕುಡದದ್ದು ಐದೂ ಮುಟ್ಟಲಿಲ್ಲ. ಆಳದ ಎರಿ ಭೂಮ್ಯಾಗ ಕಡ್ಲಿಗೆ ಒಂದ ನೀರು ಸಾಕು, ಆ ನೀರಿನ ಟೈಮು ಮಾತ್ರ ತಪ್ಪಿಸಬ್ಯಾಡ್ರಿ.

ಇಂಜಿನ್ ಹಚ್ಚೂಕಿಂತ ಮೊದಲ ನಾನು ವರುಣ ಮಿತ್ರಕ್ಕ ಫೋನ್ ಮಾಡತೇನಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿ. ಊರಿನ ಹೆಸರು ಹೇಳಿದ್ರ ಮುಂದಿನ ಎರಡು ಮೂರು ದಿನ ಮಳಿ ಐತೋ ಇಲ್ಲೋ ಹೇಳತಾರ, ಕನ್ನಡದಾಗ, ಸಮಾಧಾನದಿಂದ. ಎಲ್ಲಾ ಸಲ ಖರೇ ಆಗೂದಿಲ್ಲ. ಆದ್ರ 2024ರಾಗ ಒಮ್ಮೆ "ನಾಳೆ ನಾಡದ ಚಾನ್ಸ್ ಐತ್ರಿ" ಅಂದ್ರು, ನಿಂತೆ, ಎರಡನೇ ರಾತ್ರಿ ಹದಾ ಮಳಿ ಆತು, ಮೂವತ್ತು ಲೀಟರ್ ಡೀಸೆಲ್ ಉಳೀತು.

ಹೊಂಡ ಇದ್ರ ಒಡ್ಡು, ಚೌಕು ಮಡಿ (ಸಣ್ಣ ಬದು ಹಾಕಿ ಹೊಲ ಚೌಕ ಚೌಕ ಮಾಡೂದು) ಬ್ಯಾಡ ಅನ್ನವ್ರಿಗೆ ಒಂದು ಮಾತು. ನಾವು ಹಿಂಗಾರಿ ಹೊಲಕ್ಕ ಜುಲೈದಾಗ ಚೌಕು ಮಡಿ ಹೊಡಿತೇವಿ, ಬಿದ್ದ ನೀರು ಬಿದ್ದಲ್ಲೆ ಇಂಗಲಿ ಅಂತ. ಮಣ್ಣಿನಾಗ ಇಂಗಿದ ನೀರಿಗೆ ಡೀಸೆಲ್ ಬೇಕಿಲ್ಲ, ಪೈಪು ಹೊರೂದಿಲ್ಲ. ಹೊಲ ಕುಡದು ಹೆಚ್ಚಾದ ನೀರಷ್ಟ ಹೊಂಡಕ್ಕ ಹೋಗಬೇಕು. ಹೊಂಡ ತುಂಬಸಬೇಕಂತ ಹೊಲದ ಒಡ್ಡು ಒಡದವ್ರನ್ನ ನೋಡೇನಿ, ಎರಡೂ ಕಳಕೊಂಡ್ರು.

ಇನ್ನ ಬೇಲಿ. ಇದನ್ನ ಕೈ ಮುಗದು ಹೇಳತೇನಿ. ಮೊದಲನೇ ವರ್ಷ ನಮ್ಮ ಹೊಂಡಕ್ಕ ಬೇಲಿ ಇರಲಿಲ್ಲ. ಒಂದು ದಿನ ಬಾಜೂಕಿನ ಹೊಲದವ್ರ ಆರು ವರ್ಷದ ಹುಡುಗ ಕಾಲು ತೊಳಿಯಾಕ ಇಳದು ಮೊಣಕಾಲ ತನಕ ಕೆಸರಿನಾಗ ಸಿಕ್ಕಿದ್ದ, ಎಡಿ ಹೊಡಿಯಾಕ ಬಂದ ಹೆಣ್ಮಗಳು ನೋಡಿ ಸೀರಿ ಸೆರಗು ಒಗದು ಎಳದ್ಲು. ಎರಿ ಕೆಸರು ಕಾಲು ಹಿಡೀತಂದ್ರ ದೊಡ್ಡವರಿಗೂ ಬಿಡಂಗಿಲ್ಲ, ದಂಡಿ ಜಾರತೈತಿ, ಈಜು ಬಂದ್ರೂ ಹತ್ತಾಕ ಆಗೂದಿಲ್ಲ. ಅವತ್ತು ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಮರುದಿನ ಸಾಲ ಮಾಡಿ ತಂತಿ ತಂದೆ. ಈಗ ಸುತ್ತ ಬೇಲಿ ಐತಿ, ಗೇಟಿಗೆ ಕೀಲಿ, ನಾಕೂ ದಂಡಿಗೆ ಗಂಟು ಹಾಕಿದ ಹಗ್ಗ ಇಳಿ ಬಿಟ್ಟೇವಿ, ಗಾಳಿ ತುಂಬಿದ ಒಂದು ಲಾರಿ ಟ್ಯೂಬು ಯಾವಾಗ್ಲೂ ನೀರಿನ ಮ್ಯಾಲೆ ಇರತೈತಿ. ಹೊಸಾ ಕೃಷಿ ಭಾಗ್ಯದಾಗ ಬೇಲಿಗೂ ಸಬ್ಸಿಡಿ ಐತಿ, ಹಿಂಗಾಗಿ ರೊಕ್ಕ ಇಲ್ಲ ಅನ್ನಬ್ಯಾಡ್ರಿ.

ಮಾರ್ಕು ಕೊಡು ಅಂದ್ರ ಹೊಂಡಕ್ಕ ಐದರಾಗ ನಾಕು, ಸ್ಪ್ರಿಂಕ್ಲರ್ ಪೈಪಿಗೆ ನಾಕು, ಡೀಲರ್ ಸರ್ವಿಸಿಗೆ ಒಂದು, ನಮ್ಮ ಹೊಂಡ ತಗದ ಆ ಮೊದಲನೇ ಜೆಸಿಬಿಯವಗ ಏನೂ ಇಲ್ಲ. ಎರಡು ಎಕರೆಕ್ಕಿಂತ ಕಡಿಮಿ ಇದ್ದವ್ರು 21 ಮೀಟರ್ ತಗಸಬ್ಯಾಡ್ರಿ, 12 ಇಲ್ಲಾ 15 ಮೀಟರ್‌ದ್ದು ಸಾಕು. ಹೊಲದ ತಗ್ಗಿನ ಮೂಲಿ ಯಾವುದು ಅಂತ ಜೆಸಿಬಿಯವನ್ನ ಕೇಳಬ್ಯಾಡ್ರಿ, ಈ ಮುಂಗಾರ್ಯಾಗ ದೊಡ್ಡ ಮಳಿ ಬರೂ ಹೊತ್ತಿನ್ಯಾಗ ಕೊಡಿ ಹಿಡಕೊಂಡು ಹೊಲದಾಗ ನಿಂತು, ನೀರು ಎತ್ತಾಗ ಓಡತೈತಿ ಕಣ್ಣಾರೆ ನೋಡಿ ಗೂಟ ಹೊಡದು ಬರ್ರಿ. ನಮ್ಮ ಹೊಂಡ ನೋಡಬೇಕನ್ನವ್ರು ಬ್ಯಾಸಗ್ಯಾಗ ಬರ್ರಿ, ನೀರು ಇಳದಾಗ ತಳ, ಇಳಿಜಾರು, ಹೂಳು ಗುಂಡಿ ಎಲ್ಲಾ ಕಾಣತೈತಿ. ಬರೂ ಮುಂದ ಒಂದು ಫೋನ್ ಮಾಡ್ರಿ, ಗೇಟಿನ ಕೀಲಿ ನಮ್ಮವ್ವನ ಹತ್ರ ಇರತೈತಿ.